ತಣ್ಣಗಿನ ಕಡಬು

ನಮ್ಮ ಮನೆಯ ಹಿತ್ತಲ ಬಾಗಿಲಿಗೆ ಒಂದು ಹಳೆಯ ಕಬ್ಬಿಣದ ಚಿಲಕವಿತ್ತು. ಸರಿಸಿದರೆ ಬೆಕ್ಕಿನ ಬಾಲ ತುಳಿದ ಹಾಗೆ ಕಿರ್ರೆಂದು ಚೀರುತ್ತಿತ್ತು. ಅದಕ್ಕೆ ಎರಡು ಹನಿ ಎಣ್ಣೆ ಬಿಡಬೇಕೆಂದು ನಾನು ವರ್ಷಗಟ್ಟಲೆ ಅಂದುಕೊಂಡಿದ್ದೆ, ಬಿಟ್ಟಿರಲಿಲ್ಲ. ಆ ಬೇಸಿಗೆಯಲ್ಲಿ ಮಾತ್ರ ಬಿಡದೆ ಇದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು. ಏಕೆಂದರೆ ಹಾಡುಹಗಲಲ್ಲಿ ಆ ಚಿಲಕ ಚೀರಿತೆಂದರೆ ನಮ್ಮ ಅತ್ತೆ ನೀಲಗಂಗವ್ವ ಸೆರಗಿನೊಳಗೆ ಏನನ್ನೋ ಮುಚ್ಚಿಟ್ಟುಕೊಂಡು ಹಿತ್ತಲ ಒಲೆಯ ಕಡೆಗೆ ಹೊರಟರು ಎಂದೇ ಅರ್ಥ.

ಅತ್ತೆಗೆ ಆಗ ಎಪ್ಪತ್ತಾರು. ನನಗೆ ನಲವತ್ತೆಂಟು ತುಂಬಿ, ಮನೆಗೆ ಸೊಸೆ ಬಂದು, ಆ ಸೊಸೆ ಐದು ತಿಂಗಳ ಬಸುರಿಯಾಗಿದ್ದರೂ ಅವರ ಬಾಯಲ್ಲಿ ನಾನು ಇನ್ನೂ "ಏ ಹುಡುಗಿ"ಯೇ. ನನ್ನ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ, ದೇವರೇ ಬಲ್ಲ. ನಮ್ಮವರೂ ಮಗ ಗುರುಪಾದನೂ ಮುಂಜಾನೆ ಬಟ್ಟೆ ಅಂಗಡಿಗೆ ಹೋದರೆ ಸಂಜೆಗೇ ಮನೆಗೆ ಬರುವವರು. ಹಗಲೆಲ್ಲ ಮನೆಯಲ್ಲಿ ನಾವು ಮೂವರು ಹೆಂಗಸರು, ಒಂದು ಅಡುಗೆಮನೆ, ಮತ್ತು ಆ ಚಿಲಕ.

ಸೊಸೆ ಲತಿಕಾ ನಮ್ಮ ಕಡೆಯವಳಲ್ಲ. ಗುರುಪಾದ ಅಂಗಡಿಗೆ ಮಾಲು ತರಲು ದೂರದ ಬಂದರು ಪಟ್ಟಣವೊಂದಕ್ಕೆ ಹೋಗಿಬರುತ್ತಿದ್ದ. ಒಂದು ಸಲ ಹೋದವನು ಸೀರೆ ಗಂಟುಗಳ ಜೊತೆಗೆ ಇವಳನ್ನೂ ಕರೆದುಕೊಂಡು ಬಂದ. ಅವಳ ಮನೆಯವರು "ನೀನು ನಮ್ಮ ಪಾಲಿಗಿಲ್ಲ" ಎಂದು ಹೇಳಿ ಕಳಿಸಿದ್ದರಂತೆ. ನಾನು ನಾಲ್ಕು ದಿನ ಮುಖ ಊದಿಸಿಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ? ಐದನೆಯ ದಿನ ಅವಳು ನನ್ನ ಹಿಂದೆ ಹಿಂದೆ ಓಡಾಡಿ "ಅತ್ತಿ, ಇದಕ್ಕ ಏನಂತಾರ? ಅದಕ್ಕ ಏನಂತಾರ?" ಎಂದು ಪಾತ್ರೆ ಪಡಗದ ಹೆಸರೆಲ್ಲ ಕಲಿಯತೊಡಗಿದಳು. ಊದಿಸಿಕೊಂಡ ಮುಖವನ್ನು ಎಷ್ಟು ದಿನ ಹಾಗೇ ಇಟ್ಟುಕೊಳ್ಳಲಾಗುತ್ತದೆ?

ಬಸುರಾದ ಎರಡನೆಯ ತಿಂಗಳಿಗೆ ಶುರುವಾದ ವಾಂತಿ ಐದಕ್ಕೂ ನಿಲ್ಲಲಿಲ್ಲ. ಅನ್ನದ ಹಬೆ ಮೂಗಿಗೆ ಬಡಿದರೆ ಸಾಕು, ಬಚ್ಚಲಿಗೆ ಓಡುತ್ತಿದ್ದಳು. ಒಗ್ಗರಣೆ ಚಟಪಟ ಅಂದರೆ ಓಡುತ್ತಿದ್ದಳು. ರೊಟ್ಟಿ ಉಬ್ಬಿದರೆ ಓಡುತ್ತಿದ್ದಳು. ಡಾಕ್ಟರಮ್ಮ ತೂಕದ ಯಂತ್ರದ ಮೇಲೆ ನಿಲ್ಲಿಸಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು.

"ಈ ತಿಂಗಳಾಗ ತೂಕ ಏರಬೇಕ್ರಿ. ಈಕಿದು ಇಳಿದೈತಿ. ಇನ್ನ ಹದಿನೈದ ದಿವಸ ನೋಡ್ತೀನಿ. ಏನರ ಉಣ್ಣಾಕ ಹಚ್ಚ್ರಿ, ಏನರ ಆಗಲಿ. ಇಲ್ಲಂದ್ರ ದವಾಖಾನಿಗೆ ಹಾಕಿ ಸಲಾಯಿನ್ ಹಚ್ಚಬೇಕಾಗ್ತೈತಿ. ಕೂಸಿಗೂ ಚೊಲೋ ಅಲ್ಲ."

ಮನೆಗೆ ಬಂದು ಅವಳ ಹಾಸಿಗೆಯ ಪಕ್ಕದಲ್ಲಿ ಕೂತು ಕೇಳಿದೆ. "ಬಾಯಿಗೆ ಏನ್ ಬೇಕ ಅನಸ್ತೈತಿ ಹೇಳ ನನ್ನವ್ವಾ. ಆಕಾಶದಾಗಿಂದು ಕೇಳಿದ್ರೂ ತರ್ತೀನಿ."

"ಚೀನೀ ಕಡಬು" ಅಂದಳು. "ತಣ್ಣಗಿಂದು. ಮ್ಯಾಲೆ ಖಾರದ ಶೇಂಗಾ ಚಟ್ನಿ."

ಆಕಾಶದ್ದನ್ನೇ ಕೇಳಿದ್ದರೆ ಚೆನ್ನಾಗಿತ್ತು.

ಅವರ ಊರಿನಲ್ಲಿ ಅವಳ ಮನೆಯ ಹಿಂದೆ ಬೂಟು ಹೊಲಿಯುವ ಚೀನೀಯರ ಸಂಸಾರವಿತ್ತಂತೆ. ಆ ಮನೆಯಾಕೆ ಇವಳ ತಾಯಿಗೆ ಕಲಿಸಿದ್ದು. ಬೇಸಿಗೆಯಲ್ಲಿ ಮುಂಜಾನೆಯೇ ಮಾಡಿ, ಬೇಯಿಸಿ, ತಣ್ಣೀರಿಗೆ ಹಾಕಿ ತೆಗೆದು, ಎಣ್ಣೆ ಸವರಿ ತಂಪಿಗಿಡುವುದು. ಇವಳು ಶಾಲೆಯಿಂದ ಬರುವ ಹೊತ್ತಿಗೆ ಅದು ತಣ್ಣಗಾಗಿ ದಾರಿ ನೋಡುತ್ತಿರುತ್ತಿತ್ತು. ಅವಳು ಹೇಳುವಾಗ ಎಷ್ಟೋ ದಿನದ ಮೇಲೆ ಅವಳ ಬಾಯಲ್ಲಿ ನೀರೂರಿದ್ದನ್ನು ಕಂಡೆ. ಇನ್ನೇನು ಕೇಳುವುದಿದೆ, ಸೆರಗು ಸಿಕ್ಕಿಸಿ ಎದ್ದೆ.

ಮೊದಲ ಸಲ ಕೆಡಿಸಿದ್ದು ನಾನೇ. ಮೈದಾ ಹಿಟ್ಟು ನಾದಿದೆ. ಎಲೆಕೋಸು, ಗಜ್ಜರಿ, ಉಳ್ಳಾಗಡ್ಡಿ ತಪ್ಪಲು, ಹಸಿಶುಂಠಿ ಎಲ್ಲವನ್ನೂ ಸಣ್ಣಗೆ ಹೆಚ್ಚಿದೆ. "ಉಪ್ಪ ಹಾಕಿ ಬಿಟ್ಟು, ನೀರ ಹಿಂಡಿ ತಗೀರಿ ಅತ್ತಿ" ಎಂದು ಲತಿಕಾ ಮಲಗಿದಲ್ಲಿಂದ ಎರಡು ಸಲ ಕೂಗಿದಳು. ಮೂವತ್ತು ವರ್ಷದಿಂದ ಕರಿಗಡಬು ಮಾಡುವವಳು ನಾನು, ನನಗೆ ಹೂರಣದ ಪಾಠವೇ? ಹಿಂಡಲಿಲ್ಲ. ಒಂದೊಂದಕ್ಕೂ ಹನ್ನೆರಡು ನೆರಿಗೆ ಹಿಡಿದೆ, ಓಣಿಯಲ್ಲಿ ಯಾರೂ ಹಿಡಿಯದಂಥ ನೆರಿಗೆ. ಕುದಿಯುವ ನೀರಿಗೆ ಬಿಟ್ಟೆ. ಒಂದಾದ ಮೇಲೊಂದು ಹೊಟ್ಟೆ ಬಿರಿದವು. ಪಾತ್ರೆಯಲ್ಲಿ ಉಳಿದದ್ದು ಕಡಬೂ ಅಲ್ಲ, ಸಾರೂ ಅಲ್ಲ. ಹಿತ್ತಲಲ್ಲಿ ಕಟ್ಟಿದ ಎಮ್ಮೆಗೆ ಹಾಕಿದರೆ ಅದೂ ಮೂಸಿ ನೋಡಿ ಮುಖ ತಿರುಗಿಸಿತು.

ಅತ್ತೆ ಕಂಬಕ್ಕೆ ಒರಗಿ ಕೂತು ಎಲ್ಲವನ್ನೂ ನೋಡುತ್ತಿದ್ದರು. "ಏ ಹುಡುಗಿ, ಯಾಕ ಒದ್ದಾಡ್ತೀ? ಬಿಸಿ ಬಿಸಿ ಹುಗ್ಗಿ ಮಾಡು, ಮ್ಯಾಲೊಂದೀಟ ತುಪ್ಪ ಬಿಡು. ನಾ ತಿನಸ್ತೀನಿ."

"ಹುಗ್ಗಿ ಅಂದ್ರನ ಓಡ್ತಾಳ್ರೀ ಅತ್ತಿ ಆಕಿ."

"ಓಡಿದ್ರ ಹಿಡಕೊಂಡ ತಿನಸ್ತೀನಿ!"

ಎರಡನೆಯ ಸಲ ಮಾತು ಕೇಳಿದೆ. ಹೂರಣವನ್ನು ಬಟ್ಟೆಯಲ್ಲಿ ಕಟ್ಟಿ ಹನಿ ಬಿಡದಂತೆ ಹಿಂಡಿದೆ. ನೆರಿಗೆಯ ಹೆಮ್ಮೆ ಬಿಟ್ಟು, ಅಂಚಿಗೆ ನೀರು ಸವರಿ ಬರೀ ಒತ್ತಿ ಮುಚ್ಚಿದೆ. ನೀರಿನಲ್ಲಿ ಮುಳುಗಿದವು, ಎದ್ದು ತೇಲಿದವು, ಒಂದೂ ಬಿರಿಯಲಿಲ್ಲ. ಹುರಿದ ಶೇಂಗಾ, ಬಿಳಿ ಎಳ್ಳು, ಬಳ್ಳೊಳ್ಳಿಯನ್ನು ಒರಳಿನಲ್ಲಿ ಬೆಣ್ಣೆಯ ಹಾಗೆ ರುಬ್ಬಿದೆ. ಕೆಂಪು ಖಾರದ ಮೇಲೆ ಕಾದ ಎಣ್ಣೆ ಸುರಿದು ಅದಕ್ಕೆ ಕೂಡಿಸಿದೆ. ಗುರುಪಾದ ತರಿಸಿಕೊಟ್ಟ ಸೋಯಾ ಸಾಸು ಎರಡು ಚಮಚ, ಲಿಂಬೆಹುಳಿ, ಚಿಟಿಕೆ ಸಕ್ಕರೆ. ಬೆರಳಲ್ಲಿ ಅದ್ದಿ ನೆಕ್ಕಿ ನೋಡಿದೆ. ಅಬ್ಬಾ, ಕಿವಿಯವರೆಗೆ ಖಾರ ಏರಿ ಆಮೇಲೆ ಶೇಂಗಾದ ರುಚಿ ನಿಧಾನವಾಗಿ ನಾಲಿಗೆಗಿಳಿಯಿತು. ಇದನ್ನು ಬೇಡ ಅನ್ನುವ ಬಾಯಿ ಎಲ್ಲಿದೆ? ಕಡಬನ್ನೆಲ್ಲ ಹಿತ್ತಾಳೆ ಡಬ್ಬಿಗೆ ತುಂಬಿ, ಡಬ್ಬಿಯನ್ನು ಮಣ್ಣಿನ ಹರವಿಯ ತಣ್ಣೀರಿನಲ್ಲಿ ತೇಲಿಬಿಟ್ಟು, ಒಣಹಾಕಿದ ಬಟ್ಟೆ ತರಲು ಮಾಳಿಗೆ ಹತ್ತಿದೆ.

ಮಾಳಿಗೆಯ ಮೇಲಿದ್ದಾಗ ಚಿಲಕ ಚೀರಿದ್ದು ಕೇಳಿಸಿತು. ಅಷ್ಟು ಗಮನ ಕೊಡಲಿಲ್ಲ. ಇಳಿದು ಬರುವಷ್ಟರಲ್ಲಿ ನಮ್ಮ ಅತ್ತೆ ನನ್ನ ಕಡಬುಗಳನ್ನು ಹಿತ್ತಲ ಒಲೆಯ ಮೇಲೆ ಹಬೆಗಿಟ್ಟು, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಸುರಿದು, ಹೊಗೆಯಾಡುವ ತಾಟನ್ನು ಲತಿಕಾಳ ಮೂಗಿನ ಕೆಳಗೇ ಹಿಡಿದಿದ್ದರು. ಲತಿಕಾ ಬಚ್ಚಲು ಮುಟ್ಟುವ ಮೊದಲೇ ಕಾರಿಕೊಂಡಳು.

"ಅತ್ತೀ!" ಎಂದು ನಾನು ಕೂಗಿದ್ದು ಎದುರುಮನೆಗೂ ಕೇಳಿಸಿರಬೇಕು. "ತಣ್ಣಗ ತಿನ್ನೂದು ಅದು! ತಣ್ಣಗ! ಎಷ್ಟ ಸಲ ಹೇಳಬೇಕ ನಿಮಗ?"

"ಬಸುರಿ ಹೆಂಗಸಿಗೆ ತಂಗಳ ಕೊಡ್ತಾರೇನ? ಯಾವ ಊರಾಗರ ಕೇಳೀಯೇನ ನೀ?"

"ಅದು ತಂಗಳ ಅಲ್ಲರೀ. ಈಗ ಮಾಡೀನಿ, ನಿಮ್ಮ ಕಣ್ಣ ಮುಂದ."

"ಒಲಿ ಮ್ಯಾಲಿಂದ ಇಳಿದು ಆರಿತು ಅಂದ್ರ ಅದು ತಂಗಳ. ಈ ಮನ್ಯಾಗ ತಂಗಳ ಉಂಡಾಕಿ ನಾ. ಬಸುರಿದ್ದಾಗ ಎಲ್ಲಾರೂ ಉಂಡು ಉಳಿದದ್ದು ನನ್ನ ತಾಟಿಗೆ ಬರ್ತಿತ್ತು. ನಾ ಜೀವಂತ ಇರೂತನ ಈ ಮನೀ ಬಸುರಿ ಆರಿದ್ದು ಉಣ್ಣಬಾರದು."

ಈ ಕತೆಯನ್ನು ಮೂವತ್ತು ವರ್ಷದಲ್ಲಿ ನಾನು ನೂರು ಸಲವಾದರೂ ಕೇಳಿದ್ದೆ. ನಿಜ ಹೇಳಬೇಕೆಂದರೆ ನಾನು ಗುರುಪಾದನ ಬಸುರಿದ್ದಾಗ ಅವರು ನನ್ನ ಪ್ರತಿ ತುತ್ತನ್ನೂ ಬಿಸಿಮಾಡಿಯೇ ಕೊಟ್ಟಿದ್ದರು. ಮಜ್ಜಿಗೆಯನ್ನು ಕೂಡ! ಆದರೆ ಆಗ ನನಗಿದ್ದದ್ದು ಹದಿನೈದು ದಿನ, ಅದರಲ್ಲಿ ಏಳು ಮುಗಿದಿದ್ದವು. ಹಳೆಯ ಕತೆಗೆ ಕರಗುವ ತಾಳ್ಮೆ ನನ್ನಲ್ಲಿರಲಿಲ್ಲ. ತಾಟನ್ನು ಕಸಿದುಕೊಂಡು ಹೋಗಿ ಎಮ್ಮೆಯ ಮುಂದೆ ಸುರಿದೆ. ಒಗ್ಗರಣೆ ಬಿದ್ದಿತ್ತಲ್ಲ, ಈ ಸಲ ಅದು ಮೂಸದೆ ತಿಂದಿತು.

ಇದರ ನಡುವೆ ಇನ್ನೊಂದು ಕಾಟ. ನಮ್ಮ ಕಡೆ ಬಸುರಿಗೆ ಐದರಲ್ಲೋ ಏಳರಲ್ಲೋ ತವರಿನವರು ಬಯಕೆಯ ಬುತ್ತಿ ತರಬೇಕು. ಮಗಳ ಬಾಯಿಗೆ ಬೇಕಾದ್ದನ್ನೆಲ್ಲ ಮಾಡಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ತಾಯಿಯಾದವಳು ಹೊತ್ತುಕೊಂಡು ಬರಬೇಕು. ಎದುರುಮನೆಯ ಗಿರಿಜವ್ವ ದಿನಾ ಕಟ್ಟೆಯ ಮೇಲಿಂದ ಕೇಳುತ್ತಿದ್ದಳು: "ನಿಮ್ಮ ಸೊಸಿ ತವರವರು ಬುತ್ತಿ ಯಾವಾಗ ತರ್ತಾರ್ರೀ?" ಗೊತ್ತಿದ್ದೂ ಕೇಳುವವಳು. ಲತಿಕಾ ಕಿಟಕಿಯ ಪಕ್ಕದಲ್ಲೇ ಮಲಗಿರುತ್ತಾಳೆಂಬುದೂ ಅವಳಿಗೆ ಗೊತ್ತು. ಆ ಮಾತು ಬಿದ್ದಾಗಲೆಲ್ಲ ಹುಡುಗಿ ಗೋಡೆಯ ಕಡೆಗೆ ಹೊರಳಿಕೊಳ್ಳುತ್ತಿದ್ದಳು.

ನಾನು ಲತಿಕಾಗೂ ಅತ್ತೆಗೂ ಹೇಳದೆ ಒಂದು ಕೆಲಸ ಮಾಡಿದ್ದೆ. ಲತಿಕಾಗೆ ಮೂರು ತಿಂಗಳಿದ್ದಾಗ ಗುರುಪಾದನ ಕೈಯಿಂದ ಅವರ ಭಾಷೆಯಲ್ಲಿ ಅವಳ ತಾಯಿಗೆ ಒಂದು ಪತ್ರ ಬರೆಸಿದ್ದೆ. ನಿಮ್ಮ ಮಗಳು ಬಸುರಿ, ಸಿಟ್ಟು ನಮ್ಮ ಮೇಲಿರಲಿ, ಒಂದು ದಿನದ ಮಟ್ಟಿಗೆ ಬುತ್ತಿ ತೆಗೆದುಕೊಂಡು ಬನ್ನಿ ಎಂದು. ಆ ಪತ್ರ ಸುತ್ತಾಡಿ, ಮೇಲೆ ಮುದ್ರೆ ಬಡಿಸಿಕೊಂಡು, ಒಡೆಯದೆಯೇ ಹಿಂದಿರುಗಿತ್ತು. ಲತಿಕಾಳ ಕಣ್ಣಿಗೆ ಬೀಳದಿರಲೆಂದು ಅದನ್ನು ಅಕ್ಕಿಯ ಡಬ್ಬದೊಳಗೆ ಹೂತಿಟ್ಟಿದ್ದೆ.

ಮೂರನೆಯ ಸಲ ಕಡಬು ಮಾಡಿದಾಗ ನಾನೂ ಪಕ್ಕಾ ಆಗಿದ್ದೆ. ಡಬ್ಬಿಯನ್ನು ಹರವಿಯಲ್ಲಿಡದೆ ಒದ್ದೆ ಬಟ್ಟೆ ಸುತ್ತಿ ದೇವರ ಕೋಣೆಯ ಹಿಂದಿನ ಗೂಡಿನಲ್ಲಿ ಅಡಗಿಸಿದೆ. ಸ್ವಂತ ಮನೆಯಲ್ಲಿ ನಾನೇ ಕಳ್ಳಿಯಾದೆ ನೋಡಿ! ಸ್ನಾನಕ್ಕೆ ಹೋದೆ. ಮೈಮೇಲೆ ಎರಡು ತಂಬಿಗೆ ನೀರು ಸುರಿದುಕೊಂಡಿರಲಿಲ್ಲ, ಕಿರ್ರ್. ಒದ್ದೆ ಕೂದಲಲ್ಲೇ ಓಡಿಬಂದರೆ ಡಬ್ಬಿ ಹಿತ್ತಲ ಒಲೆಯ ಕೆಂಡದ ಮೇಲೆ ಕೂತು ಬುಸುಗುಡುತ್ತಿತ್ತು. ಅತ್ತೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಆದರೆ ಅವರು ಡಬ್ಬಿಯನ್ನು ನೋಡುತ್ತಿರಲಿಲ್ಲ. ಅವರ ಕೈಯಲ್ಲಿ ಆ ಲಕೋಟೆಯಿತ್ತು, ಅಂಚಿಗೆ ಅಕ್ಕಿಯ ಹುಡಿ ಮೆತ್ತಿಕೊಂಡಿತ್ತು.

"ಡಬ್ಬಿ ಹುಡುಕಾಕ ಹೋದ್ರ ಅಕ್ಕಿಯೊಳಗ ಇದು ಸಿಕ್ತು. ಏನಿದು ಹುಡುಗಿ?"

ಅವರಿಗೆ ಓದಲು ಬಾರದು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಲತಿಕಾನ ಅವ್ವಗ ಬರಿಸಿದ್ದೆ. ಬುತ್ತಿ ತರ್ರಿ ಅಂತ. ಹೊಳ್ಳಿ ಬಂತು."

ಅವರು ಲಕೋಟೆಯನ್ನು ತಿರುಗಿಸಿ ಅಂಟಿನ ಮೇಲೆ ಹೆಬ್ಬೆರಳು ಆಡಿಸಿದರು. "ಒಡದ ನೋಡಿಲ್ಲ."

"ಇಲ್ಲ."

"ಲತವ್ವಗ ಗೊತ್ತೈತೇನ?"

"ಇಲ್ಲರೀ. ಹೇಳಬ್ಯಾಡ್ರಿ."

ಅಷ್ಟರಲ್ಲಿ ಲತಿಕಾ ಗೋಡೆ ಹಿಡಿದುಕೊಂಡು ಬಾಗಿಲ ತನಕ ಬಂದಿದ್ದಳು. ಅತ್ತೆ ಲಕೋಟೆಯನ್ನು ಸೊಂಟಕ್ಕೆ ಸಿಕ್ಕಿಸಿಬಿಟ್ಟರು. ಹುಡುಗಿಯ ಕಣ್ಣು ಮಾತ್ರ ಬುಸುಗುಡುವ ಡಬ್ಬಿಯ ಮೇಲೇ ಇತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡು, ಅತ್ತೆಗೆ "ಆಯಿ, ಬಿಸಿ ಇದ್ರ ವಾಸನಿ ಏಳತೈತಿ, ಹೊಟ್ಟಿ ತೊಳಸತೈತಿ. ತಣ್ಣಗಿದ್ರ ವಾಸನಿ ಬರೂದಿಲ್ಲ. ಅದಕ್ಕ ಕೇಳಿದ್ದು. ನಿಮ್ಮ ಮಾತ ಮೀರಬೇಕಂತ ಅಲ್ಲ" ಅಂದಳು. ಹೇಳುವಷ್ಟರಲ್ಲಿ ಕಣ್ಣಲ್ಲಿ ನೀರು. ನಾನು ಅವಳನ್ನು ಕರೆದೊಯ್ದು ಮಲಗಿಸಿದೆ. ಮತ್ತೆ ಬರುವ ಹೊತ್ತಿಗೆ ಅತ್ತೆ ಅಲ್ಲೇ, ಹಾಗೆಯೇ ಕೂತಿದ್ದರು.

ಆ ದಿನವೆಲ್ಲ ಅವರು ತಮ್ಮ ಕೋಣೆಯಲ್ಲೇ ಕೂತರು. ಉಣ್ಣಲು ಕರೆದರೆ ಬರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಎರಡು ಸಲ ನನ್ನ ಕೈಕೆಲಸ ಮಣ್ಣುಪಾಲು ಮಾಡಿದವರು ಅವರು, ಮುನಿಸಿಕೊಂಡು ಕೂತವರೂ ಅವರೇ! ಈ ಮನೆಯಲ್ಲಿ ಮುನಿಸಿಕೊಳ್ಳುವ ಹಕ್ಕು ನನಗೆ ಯಾವಾಗ ಬರುತ್ತದೆ?

ಮರುದಿನ ಹದಿಮೂರನೆಯ ದಿನ. ನಸುಕಿನಲ್ಲೇ ಎದ್ದು ಇಪ್ಪತ್ತೊಂದು ಕಡಬು ಮಾಡಿದೆ. ಬೇಯಿಸಿ, ತಣ್ಣೀರಿಗೆ ಬಿಟ್ಟು ತೆಗೆದು, ಎಣ್ಣೆ ಸವರಿ ಡಬ್ಬಿಗೆ ತುಂಬಿದೆ. ಚಟ್ನಿಯನ್ನು ಸಣ್ಣ ಬಟ್ಟಲಲ್ಲಿ ಹಾಕಿ ಅದರೊಳಗೇ ಇಟ್ಟೆ. ಅಡಗಿಸಿ ಏನು ಸುಖ, ಅವರ ಮೂಗು ನಾಯಿಯ ಮೂಗು. ಹರವಿಯಲ್ಲೇ ತೇಲಿಬಿಟ್ಟು ಅದರ ಪಕ್ಕದಲ್ಲಿ ಮಣೆ ಹಾಕಿಕೊಂಡು ಕಾವಲು ಕೂತೆ. ಅತ್ತೆ ತಮ್ಮ ಕೋಣೆಯಲ್ಲಿ ಟ್ರಂಕು ತೆಗೆದು ಮುಚ್ಚಿ ಏನೋ ಸದ್ದು ಮಾಡುತ್ತಿದ್ದರು. ಹನ್ನೊಂದರ ಹೊತ್ತಿಗೆ ಲತಿಕಾ ಒಳಗಿನಿಂದ ಬರಿಹೊಟ್ಟೆಯಲ್ಲೇ ಓಕರಿಸುವುದು ಕೇಳಿಸಿತು. ಬೋಗುಣಿ ಹಿಡಿದು ಓಡಿದೆ. ಅವಳ ಬೆನ್ನು ನೀವುತ್ತಿರುವಾಗ, ಕಿರ್ರ್.

"ಸುಟ್ಟ ಬರಲಿ ಆ ಚಿಲಕಕ್ಕ!" ಎಂದು ಎದ್ದು ಓಡಿದೆ. ಹರವಿಯ ಮುಚ್ಚಳ ತೆಗೆದಿತ್ತು, ಡಬ್ಬಿ ಇರಲಿಲ್ಲ. ಹಿತ್ತಲಿಗೆ ಹಾರಿದೆ. ಒಲೆಯಲ್ಲಿ ಬೆಂಕಿಯಿಲ್ಲ. ಬೂದಿ ಮುಟ್ಟಿ ನೋಡಿದೆ, ತಣ್ಣಗಿತ್ತು. ಎಮ್ಮೆಯ ಮುಂದೆ ನೋಡಿದೆ, ಬರೀ ಹುಲ್ಲು. ಹಿತ್ತಲ ಗೇಟು ಮಾತ್ರ ಹಾರುಹೊಡೆದಿತ್ತು. ಆ ರಣಬಿಸಿಲಲ್ಲಿ ಮುದುಕಿ ನನ್ನ ಕಡಬು ಎತ್ತಿಕೊಂಡು ಯಾರ ಮನೆಯ ಒಲೆ ಹುಡುಕಿಕೊಂಡು ಹೋದರು? ನಮ್ಮ ಹಿತ್ತಲ ಗಲ್ಲಿಯಿಂದ ಮುಂದಿನ ಓಣಿಗೆ ಬರಬೇಕಾದರೆ ಎಣ್ಣೆಗಾಣ ಸುತ್ತಿ, ಬಾವಿ ದಾಟಿ ಬರಬೇಕು. ನನಗೆ ಅಳುವೇ ಬಂದುಬಿಟ್ಟಿತು. ಎರಡು ದಿನ ಉಳಿದಿವೆ, ಹಿಟ್ಟು ಮುಗಿದಿದೆ, ನನ್ನ ಕೈಯಲ್ಲಿ ಇನ್ನು ಏನೂ ಇಲ್ಲ.

ಆಗ ಮುಂಬಾಗಿಲ ಸರಪಳಿ ಸದ್ದಾಯಿತು. ಗಿರಿಜವ್ವ ಬಂದಿದ್ದರೆ ಇವತ್ತು ಅವಳಿಗೆ ಮಂಗಳಾರತಿಯೇ ಎಂದುಕೊಂಡು ಬಾಗಿಲು ತೆಗೆದೆ.

ಹೊಸ್ತಿಲಾಚೆ ನಮ್ಮ ಅತ್ತೆ ನಿಂತಿದ್ದರು. ಹಬ್ಬಕ್ಕೆಂದು ಇಟ್ಟಿದ್ದ ಇಳಕಲ್ ಸೀರೆ, ತಲೆ ತುಂಬ ಸೆರಗು, ಕಾಲ ತುಂಬ ಧೂಳು. ತಲೆಯ ಮೇಲೆ ಒಗೆದ ಬಿಳಿ ಬಟ್ಟೆಯ ಗಂಟು, ಗಂಟಿನೊಳಗೆ ಡಬ್ಬಿಯ ಆಕಾರ. ಏದುಸಿರು ಬಿಡುತ್ತಿದ್ದರು. ಎದುರುಕಟ್ಟೆಯ ಮೇಲೆ ಗಿರಿಜವ್ವ ಬಾಯಿ ತೆರೆದುಕೊಂಡು ನೋಡುತ್ತಿದ್ದಳು.

"ಅತ್ತೀ, ಏನ್ರಿ ಇದು ನಿಮ್ಮದು?"

"ಯಾರ ಅತ್ತಿ?" ಓಣಿಗೆಲ್ಲ ಕೇಳುವ ಹಾಗೆ ಗದರಿದರು. "ಬೀಗತಿ ನಾ. ಲತವ್ವನ ತವರಿಂದ ಬುತ್ತಿ ತಂದೀನಿ. ದೂರದಿಂದ ಬಂದಾವ್ರಿಗೆ ಕಾಲಿಗೆ ನೀರ ಕೊಡೂ ಪದ್ಧತಿ ಇಲ್ಲೇನ್ರಿ ನಿಮ್ಮ ಊರಾಗ?"

ರೀ! ಮೂವತ್ತು ವರ್ಷದಲ್ಲಿ ಮೊದಲ ಸಲ ಅವರ ಬಾಯಿಂದ ನನಗೆ "ರೀ" ಎಂಬ ಮರ್ಯಾದೆ ಸಿಕ್ಕಿತು. ಏನು ಮಾಡಬೇಕೋ ತಿಳಿಯದೆ ಒಳಗೆ ಹೋಗಿ ತಂಬಿಗೆ ತಂದು ಅವರ ಕಾಲಿಗೆ ನೀರು ಹಾಕಿದೆ.

ನೆಟ್ಟಗೆ ಲತಿಕಾಳ ಕೋಣೆಗೆ ಹೋದರು. ಹಾಸಿಗೆಯ ಅಂಚಿಗೆ ಕೂತು ಗಂಟು ಬಿಚ್ಚಿದರು. ಡಬ್ಬಿಯ ಮುಚ್ಚಳ ತೆಗೆದರೆ ಹಬೆಯಿಲ್ಲ, ವಾಸನೆಯಿಲ್ಲ. ನನ್ನ ಇಪ್ಪತ್ತೊಂದು ಕಡಬು ಇಟ್ಟ ಹಾಗೆಯೇ ಇದ್ದವು.

ಲತಿಕಾ ಹೆದರಿ ನನ್ನನ್ನು ನೋಡಿ, ಅತ್ತೆಯ ಕಡೆ ತಿರುಗಿದಳು. "ಆಯಿ, ಬಿಸಿ ಮಾಡಿಲ್ಲ?"

"ಬುತ್ತಿ ಯಾರರ ಬಿಸಿ ಮಾಡ್ತಾರೇನ ಹುಚ್ಚಿ? ತವರಿಂದ ಹೆಂಗ ಬಂದೈತೋ ಹಂಗ ಉಣ್ಣಬೇಕು. ಮನ್ಯಾಗ ಆರಿದ್ದು ತಂಗಳ. ಹೊರಗಿಂದ ಹೊಸ್ತಿಲ ದಾಟಿ ಬಂದದ್ದು ಬುತ್ತಿ." ಒಂದು ಕಡಬನ್ನು ಚಟ್ನಿಯಲ್ಲಿ ಅದ್ದಿ ಅವಳ ಬಾಯಿಯ ಹತ್ತಿರ ಹಿಡಿದರು. ದನಿ ಇಳಿಯಿತು. "ನನಗೂ ಯಾರೂ ತರಲಿಲ್ಲವಾ. ಅವ್ವ ಇರಲಿಲ್ಲ. ಮುಂಬಾಗಿಲ ನೋಡಿ ನೋಡಿ ಒಂಬತ್ತ ತಿಂಗಳ ತುಂಬಿದುವು. ನೀ ನೋಡಬ್ಯಾಡ. ನಾ ಬಂದೀನಿ. ತಗೋ."

ಲತಿಕಾ ಬಾಯಿ ತೆರೆದಳು. ಅಗಿಯುತ್ತ ಅಗಿಯುತ್ತ ಕಣ್ಣಿಂದ ನೀರು ಸುರಿಯಿತು. ಖಾರಕ್ಕೋ ಮತ್ತೇತಕ್ಕೋ, ನಾನು ಕೇಳಲಿಲ್ಲ. ಎರಡನೆಯದನ್ನು ತಾನೇ ತೆಗೆದುಕೊಂಡಳು. ನಾಲ್ಕಾದವು, ಆರಾದವು. ಬೋಗುಣಿ ಹಿಡಿದು ನಾನು ಪಕ್ಕದಲ್ಲೇ ನಿಂತಿದ್ದೆ. ಒಂಬತ್ತು ತಿಂದು, ಬೆರಳು ನೆಕ್ಕಿ, ಗೋಡೆಗೆ ಒರಗಿದಳು. ನಾವಿಬ್ಬರೂ ಅವಳ ಮುಖವನ್ನೇ ನೋಡುತ್ತ ಕೂತೆವು. ಗಡಿಯಾರದ ದೊಡ್ಡ ಮುಳ್ಳು ಅರ್ಧ ಸುತ್ತು ಬಂತು. ಅವಳು ಕೂತಲ್ಲೇ ನಿದ್ದೆಹೋಗಿದ್ದಳು. ಬೋಗುಣಿ ಒಣಗಿಯೇ ಇತ್ತು.

ನನಗಾದ ಸಂತೋಷ ಅಷ್ಟಿಷ್ಟಲ್ಲ. ಅದರ ಬೆನ್ನಿಗೇ ಸಿಟ್ಟೂ ಬಂತು. ಈ ದಾರಿ ಇತ್ತೆಂದಮೇಲೆ ಹತ್ತು ದಿನ ಮೊದಲೇ ಹಿಡಿಯಬಾರದಿತ್ತೇ ಈ ಪುಣ್ಯಾತಗಿತ್ತಿ? ಬಯ್ಯಲೆಂದು ಬಾಯಿ ತೆರೆದರೆ ಅತ್ತೆ ಡಬ್ಬಿಯನ್ನು ನನ್ನ ಮುಂದೆ ಚಾಚಿದರು.

"ಬುತ್ತಿ ತಂದ ಭಾಂಡಿ ಬರಿದ ಕಳಸ್ತಾರೇನ್ರಿ ಬೀಗರ?"

ಹಲ್ಲು ಕಚ್ಚಿಕೊಂಡು ಅಡುಗೆಮನೆಗೆ ಹೋದೆ. ಉಳಿದ ಕಡಬನ್ನು ಬೇರೆ ಪಾತ್ರೆಗೆ ತೆಗೆದು ಹರವಿಯಲ್ಲಿಟ್ಟೆ. ಡಬ್ಬಿ ತೊಳೆದು ಒರೆಸಿ ಸಕ್ಕರೆ ತುಂಬಿ ಕೊಟ್ಟೆ. ಅವರು ಅದನ್ನು ಅದೇ ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು, "ಮಗಳನ್ನ ಚೊಲೋತಂಗ ನೋಡಕೋರಿ" ಎಂದು ಹೇಳಿ, ಮುಂಬಾಗಿಲಿನಿಂದ ಇಳಿದು, ಗಿರಿಜವ್ವನ ಎದುರೇ ಓಣಿಯುದ್ದಕ್ಕೂ ತಲೆಯೆತ್ತಿ ನಡೆದುಹೋದರು. ಬಾವಿಯ ತಿರುವಿನಲ್ಲಿ ಇಳಕಲ್ ಸೀರೆ ಮರೆಯಾಯಿತು. ನಾನು ಬಾಗಿಲು ಹಾಕಿ ಒಳಗೆ ಬಂದು ಹಿತ್ತಲ ಬಾಗಿಲನ್ನೇ ನೋಡುತ್ತ ಕೂತೆ.

ಸುಮಾರು ಹೊತ್ತಿನ ಮೇಲೆ ಅವರು ಆ ಬಾಗಿಲಿನಿಂದ ಒಳಗೆ ಬಂದರು. ತಲೆಯ ಸೆರಗು ಇಳಿದಿತ್ತು, ಬಿಸಿಲಿಗೆ ಮುಖ ಕೆಂಪಾಗಿತ್ತು. ಡಬ್ಬಿ ಬಿಚ್ಚಿ ಸಕ್ಕರೆಯನ್ನು ಮತ್ತೆ ನಮ್ಮ ಸಕ್ಕರೆ ಡಬ್ಬಕ್ಕೇ ಸುರಿದು, ಬಟ್ಟೆಯನ್ನು ಝಾಡಿಸಿ ನಾಲ್ಕು ಮಡಿಕೆ ಮಾಡಿ ಗೂಡಿನಲ್ಲಿಟ್ಟರು. ಆಮೇಲೆ ಕಂಬಕ್ಕೆ ಒರಗಿ ಕೂತು ಕಾಲು ಚಾಚಿದರು.

"ಏ ಹುಡುಗಿ, ಹೋದಳೇನ ನಿನ್ನ ಬೀಗತಿ?"

"ಹೋದ್ರು" ಅಂದೆ.

"ಉಣಿಸಿ ಕಳಿಸಿದೆಯಿಲ್ಲೋ?"

"ಇಲ್ಲರೀ. ಅವಸರದಾಗ ಇದ್ರು."

"ಹಂಗ ಕಳಸ್ತಾರೇನ? ಏನೂ ತಿಳಿಯೂದಿಲ್ಲ ನಿನಗ." ಕಣ್ಣು ಮುಚ್ಚಿಕೊಂಡರು. "ಇರಲಿ ಬಿಡು. ನಾಳೆ ಮತ್ತ ಬರ್ತಾಳಂತ."

ನಾನು ಎದ್ದು ಹೋಗಿ ಹಿತ್ತಲ ಬಾಗಿಲಿನ ಚಿಲಕಕ್ಕೆ ಕೈಯಿಟ್ಟೆ. ಒಳಗೆ ಲತಿಕಾ ಮಲಗಿದ್ದಳು. ಅವಳಿಗೆ ಎಚ್ಚರವಾದೀತೆಂದು ಹಾಕದೆ, ಬಾಗಿಲನ್ನು ಬರೀ ಮುಂದಕ್ಕೆ ಮಾಡಿ ಬಂದೆ.